ಸಂಪಾದಕರ ಉತ್ತರ: ಹೊಸಬರು ಎಷ್ಟು ದಿನ ಹೊಸಬರು?

ಮಾನ್ಯರೇ,

ತಮ್ಮ ಪತ್ರ ತಲುಪಿತು. ಬೆಂಗಳೂರಿನ ಹೊರವಲಯದ ಕನ್ನಡ ಕ್ರೈಸ್ತ ಸಭೆಯೊಂದರ, ಅಂದರೆ ಚರ್ಚೊಂದರ, ಕಾರ್ಯದರ್ಶಿಯಾಗಿ ತಾವು ಬರೆದಿರುವುದನ್ನು ಉಳಿದ ಓದುಗರಿಗಾಗಿ ಮೊದಲು ಚಿಕ್ಕದಾಗಿ ಹೇಳುತ್ತೇನೆ. ಬೀದರ್, ಕಲಬುರಗಿ, ಗದಗ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳು, ಆಸ್ಪತ್ರೆಗಳಲ್ಲಿ ದುಡಿಯುವ ನರ್ಸುಗಳು, ಪಿ.ಜಿ.ಗಳಲ್ಲಿರುವ ಹುಡುಗ ಹುಡುಗಿಯರು ತಮ್ಮ ಸಭೆಗೆ ಬರುತ್ತಿದ್ದಾರೆ. ಬಂದ ಮೊದಲ ಭಾನುವಾರವೇ ಅವರನ್ನು ಮುಂದಕ್ಕೆ ಕರೆದು, ಗುಲಾಬಿ ಹೂವನ್ನೂ ಬೈಬಲ್ ವಾಕ್ಯ ಬರೆದ ಕಾರ್ಡನ್ನೂ ಕೊಟ್ಟು, ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಆದರೂ ಕ್ರಿಸ್‌ಮಸ್ ಸಮಯದಲ್ಲಿ ಬಂದವರಲ್ಲಿ ಹೆಚ್ಚಿನವರು ಈಸ್ಟರ್ ಹೊತ್ತಿಗೆ ಕಾಣಿಸುವುದಿಲ್ಲ. ಕೆಲವರು ಪಕ್ಕದ ಬಡಾವಣೆಯ ಸ್ವತಂತ್ರ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾರೆ, ಕೆಲವರು ಎಲ್ಲಿಗೂ ಹೋಗುವುದಿಲ್ಲ. ‘ನಾವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೇವೆ, ಅವರೇ ಬೆರೆಯುವುದಿಲ್ಲ’ ಎಂದು ಕಮಿಟಿಯ ಹಿರಿಯರೊಬ್ಬರು ಹೇಳಿದರಂತೆ. ಈಗ ಒಂದು ಸ್ವಾಗತ ಸಮಿತಿಯನ್ನು ನೇಮಿಸಿ ಅದಕ್ಕಾಗಿ ಸ್ವಲ್ಪ ಹಣ ತೆಗೆದಿಡುವ ಠರಾವು ಕಮಿಟಿಯ ಮುಂದಿದೆ. ಅದರ ಬಗ್ಗೆ ನನ್ನ ಅಭಿಪ್ರಾಯವೇನೆಂದು ಕೇಳಿದ್ದೀರಿ.

ಆ ಠರಾವನ್ನು ತಾವು ವಿರೋಧಿಸಬೇಕೆಂಬುದು ನನ್ನ ಸಲಹೆ. ಹಣದ ಕಾರಣಕ್ಕಲ್ಲ. ಸ್ವಾಗತಕ್ಕೆಂದು ಒಂದು ಸಮಿತಿ ಆಯಿತೆಂದರೆ ಸಭೆಯ ಉಳಿದವರೆಲ್ಲರಿಗೂ ಆ ಕೆಲಸದಿಂದ ಬಿಡುಗಡೆ ಸಿಕ್ಕಂತೆ. ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ನಾಲ್ವರು ಬಾಗಿಲಲ್ಲಿ ನಿಂತು ನಗುತ್ತಾರೆ, ಮಿಕ್ಕವರು ಅವರನ್ನು ದಾಟಿ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತಾರೆ. ತಮ್ಮ ಪತ್ರವನ್ನು ಓದಿದರೆ ಅಲ್ಲಿ ಮೊದಲ ಭಾನುವಾರದ ಸ್ವಾಗತಕ್ಕೆ ಏನೂ ಕೊರತೆಯಿಲ್ಲ. ಕೊರತೆ ಇರುವುದು ಆರನೆಯ ಭಾನುವಾರದಲ್ಲಿ, ಹತ್ತನೆಯ ಭಾನುವಾರದಲ್ಲಿ. ಹೊಸಬರನ್ನು ನಾವು ನೆಂಟರಂತೆ ಬರಮಾಡಿಕೊಳ್ಳುತ್ತೇವೆ, ಮನೆಯವರಾಗಲು ಮಾತ್ರ ಬಿಡುವುದಿಲ್ಲ. ನೆಂಟನಾಗಿಯೇ ಒಬ್ಬ ಮನುಷ್ಯ ಎಷ್ಟು ದಿನ ಇದ್ದಾನು?

ಮುಂದಕ್ಕೆ ಕರೆದು ನಿಲ್ಲಿಸುವ ಪದ್ಧತಿಯನ್ನೇ ನೋಡಿ. ಅದರಿಂದ ಸಂತೋಷವಾಗುವುದು ಹೆಚ್ಚಾಗಿ ನಮಗೆ. ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿ ನೇರವಾಗಿ ಆರಾಧನೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ ನರ್ಸ್ ಒಬ್ಬಳಿಗೆ ನೂರಾರು ಜನರ ಎದುರು ಮೈಕ್ ಹಿಡಿಸಿ ‘ನಿಮ್ಮ ಪರಿಚಯ ಹೇಳಿ’ ಎಂದರೆ ಅವಳು ಹೆಸರು, ಊರು ಹೇಳಿ ತಲೆ ತಗ್ಗಿಸುತ್ತಾಳೆ. ಮಾತಿನ ಮಲ್ಲರಿಗೆ ಇದು ಹಿತವೆನಿಸಬಹುದು. ಆದರೆ ಹೊಸ ಊರಿನಲ್ಲಿ ಹೊಸ ಸಭೆಗೆ ಬಂದವರು ಬಹಳ ಸಲ ಒಂದೆರಡು ವಾರ ಯಾರ ಕಣ್ಣಿಗೂ ಬೀಳದೆ ಕೂತು, ಹಾಡಿ, ಪ್ರಾರ್ಥಿಸಿ ಹೋಗಬೇಕೆಂದು ಬಂದಿರುತ್ತಾರೆ. ಅವರಿಗೆ ಆ ಅವಕಾಶ ಇರಲಿ. ಗುಲಾಬಿಯನ್ನು ಬಿಡಲೇಬೇಕೆಂದೇನಿಲ್ಲ, ಆದರೆ ಕೈಯಿಂದ ಕೈಗೆ ಕೊಟ್ಟರೆ ಸಾಕು, ಅದಕ್ಕೆ ವೇದಿಕೆ ಬೇಡ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಡೆಯುವುದು ಇನ್ನೂ ಮುಖ್ಯ. ‘ಯಾವ ಊರು?’ ಎಂಬುದು ಮೊದಲ ಪ್ರಶ್ನೆ. ‘ಅಲ್ಲಿ ಯಾರ ಕಡೆಯವರು?’ ಎರಡನೆಯದು. ‘ಯಾವ ಓಣಿ? ಇಂಥವರು ನಿಮಗೇನಾಗಬೇಕು?’ ಎಂಬಲ್ಲಿಗೆ ಬರುವ ಹೊತ್ತಿಗೆ ಕೇಳುವವರಿಗೂ ಕೇಳಿಸಿಕೊಳ್ಳುವವರಿಗೂ ಗೊತ್ತಾಗಿರುತ್ತದೆ, ಇದು ಕುಶಲ ಪ್ರಶ್ನೆಯಲ್ಲ, ಜಾತಿಯ ಪ್ರಶ್ನೆ ಎಂದು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿ ಮೂರು ನಾಲ್ಕು ತಲೆಮಾರುಗಳೇ ಕಳೆದಿದ್ದರೂ ಈ ಪ್ರಶ್ನೆ ನಮ್ಮ ನಾಲಿಗೆಯಿಂದ ಹೋಗಿಲ್ಲ. ನಮ್ಮ ನಾಡಿನ ಎಷ್ಟೋ ಸಭೆಗಳನ್ನು ಕಟ್ಟಿದವರು ಊರಾಚೆಯ ಕೇರಿಗಳಿಂದ ಬಂದ ಜನ. ಆ ಕೇಳುವಿಕೆಯ ಅರ್ಥ ಅವರ ಮೊಮ್ಮಕ್ಕಳಿಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ‘ಅವರೇ ಬೆರೆಯುವುದಿಲ್ಲ’ ಎಂದ ಹಿರಿಯರನ್ನು ಒಂದು ಭಾನುವಾರ ಅಂಗಳದ ಮೂಲೆಯಲ್ಲಿ ಸುಮ್ಮನೆ ನಿಂತು ನೋಡುವಂತೆ ತಾವು ಕೇಳಿಕೊಳ್ಳಬಹುದು. ಹಳೆಯ ಮನೆತನದವರು ಗುಂಪು ಗುಂಪಾಗಿ ಮದುವೆ, ಸೈಟು, ಬೀಗರ ವಿಚಾರ ಮಾತಾಡುತ್ತಿರುತ್ತಾರೆ. ಹೊಸ ಕುಟುಂಬದ ಯಜಮಾನ ನೋಟೀಸ್ ಬೋರ್ಡಿನ ಮುಂದೆ ನಿಂತು, ಹೋದ ತಿಂಗಳ ಕಾಣಿಕೆಯ ಲೆಕ್ಕವನ್ನು ಎರಡೆರಡು ಸಲ ಓದಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಸ್ಕೂಟರಿನ ಕಡೆಗೆ ನಡೆಯುತ್ತಾನೆ. ಆ ಲೆಕ್ಕದಲ್ಲಿ ಅವನಿಗೆ ಅಂಥ ಆಸಕ್ತಿ ಇದ್ದೀತೆಂದು ನನಗೆ ಅನಿಸುವುದಿಲ್ಲ.

ಹೊಸಬರಲ್ಲಿಯೂ ನಾವು ಆಯ್ಕೆ ಮಾಡುತ್ತೇವೆ ಎಂಬುದನ್ನೂ ಹೇಳಿಬಿಡಬೇಕು. ಕಾರಿನಲ್ಲಿ ಬಂದಿಳಿದ ಸಾಫ್ಟ್‌ವೇರ್ ದಂಪತಿಗೆ ಸಭಾಪಾಲಕರ (ಪಾಸ್ಟರ್) ಮನೆಯಲ್ಲಿ ಚಹಾ ಸಿಗುತ್ತದೆ, ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ವಾಸವಾಗಿರುವ ರಾಯಚೂರು ಕಡೆಯ ಸಂಸಾರಕ್ಕೆ ಬಾಗಿಲಲ್ಲಿ ನಮಸ್ಕಾರ ಸಿಗುತ್ತದೆ. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಈ ದೃಶ್ಯವನ್ನು ಎಷ್ಟೋ ಹಿಂದೆಯೇ ಬರೆದಿಟ್ಟಿದೆ: ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಪೀಠ, ಕೊಳಕು ಬಟ್ಟೆಯ ಬಡವನಿಗೆ ನಿಲ್ಲುವ ಜಾಗ, ಇಲ್ಲವೇ ಕಾಲ ಬಳಿಯ ನೆಲ. ಈ ವಾಕ್ಯವನ್ನು ನಾವು ವರ್ಷಕ್ಕೊಮ್ಮೆಯಾದರೂ ಓದುತ್ತೇವೆ. ಓದುವಾಗ ಉಂಗುರದವನು ಯಾವಾಗಲೂ ಬೇರೆ ಯಾವುದೋ ಸಭೆಯವನಾಗಿರುತ್ತಾನೆ.

ಇನ್ನು ರೂಢಿಗಳ ವಿಚಾರ. ಒಳಗಿರುವವರಿಗೆ ಕಾಣದ, ಹೊರಗಿನಿಂದ ಬಂದವರಿಗೆ ಹೆಜ್ಜೆ ಹೆಜ್ಜೆಗೂ ತಡೆಯುವ ಸಂಗತಿಯೆಂದರೆ ಇದೇ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಕೂರುವ ಸಭೆಗೆ ಬಂದ ಎಳೆಯ ದಂಪತಿ ಗೊತ್ತಿಲ್ಲದೆ ಒಟ್ಟಿಗೆ ಕೂತರೆ ಎಲ್ಲರೂ ತಿರುಗಿ ನೋಡುತ್ತಾರೆ, ಯಾರೂ ಹೇಳುವುದಿಲ್ಲ. ಚಪ್ಪಲಿ ಎಲ್ಲಿ ಬಿಡಬೇಕು, ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದನ್ನು ಪಕ್ಕದವರನ್ನು ನೋಡಿ ನೋಡಿ ಅರ್ಧ ಕ್ಷಣ ತಡವಾಗಿ ಮಾಡುವವನ ಮನಸ್ಸು ಪ್ರಾರ್ಥನೆಯಲ್ಲಿ ನಿಲ್ಲುವುದಾದರೂ ಹೇಗೆ? ಹಾಡಿನ ಕಥೆಯೂ ಅಷ್ಟೇ. ಕರ್ನಾಟಕದ ಸಭೆಗಳು ಒಂದೇ ಬೇರಿನಿಂದ ಬಂದವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಕಟ್ಟಿದ ಸಭೆಗಳಲ್ಲಿ ಜರ್ಮನ್ ಧಾಟಿಗಳು ಬೇರೂರಿದವು. ಹಳೇ ಮೈಸೂರಿನಲ್ಲಿ ವೆಸ್ಲಿಯನ್ ಮಿಷನರಿಗಳ ಪದ್ಧತಿ ಬೆಳೆಯಿತು, ಬಳ್ಳಾರಿಯ ಕಡೆ ಲಂಡನ್ ಮಿಷನ್ ಇತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದಾಗ ಸೇರಿದ ಸಭೆಗಳ ಆಡಳಿತ ಒಂದಾಯಿತೇ ಹೊರತು ಕಿವಿಗಳು ಒಂದಾಗಲಿಲ್ಲ. ಬೀದರಿನ ಮೆಥಡಿಸ್ಟರು, ಅಂದರೆ ಅಮೆರಿಕನ್ ಮಿಷನ್ ಬೆಳೆಸಿದವರು, ಆ ಐಕ್ಯಕ್ಕೆ ಸೇರಲೂ ಇಲ್ಲ. ಹೀಗಾಗಿ ಬೀದರಿನಿಂದಲೋ ಬೆಟಗೇರಿಯಿಂದಲೋ ಬಂದ ಒಬ್ಬ ತಾಯಿ ತಮ್ಮ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಆಕೆಗೆ ಹಾಡಲು ಬರುವುದಿಲ್ಲವೆಂದಲ್ಲ. ಅದೇ ಸಾಲುಗಳನ್ನು ಆಕೆ ಬೇರೆ ರಾಗದಲ್ಲಿ ಬಾಲ್ಯದಿಂದ ಹಾಡಿಕೊಂಡು ಬಂದಿರಬಹುದು. ತಿಂಗಳಿಗೊಂದು ಸಲ ಅಂಥ ಒಬ್ಬರ ಊರಿನ ಕೀರ್ತನೆಯನ್ನು ಅವರಿಂದಲೇ ಕಲಿತು ಸಭೆಯಲ್ಲಿ ಹಾಡಿ. ಗಾಯನ ತಂಡದವರು ಮೊದಮೊದಲು ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹೊತ್ತಿನಲ್ಲಿ ಈ ಮುಜುಗರ ನೋವಾಗುವುದುಂಟು. ಯಾರು ಮುಂದೆ ಬರಬಹುದು, ಯಾರು ಬರುವಂತಿಲ್ಲ ಎಂಬ ನಿಯಮ ಸಭೆಯಿಂದ ಸಭೆಗೆ ಬೇರೆಯಾಗಿರುತ್ತದೆ. ಕಥೋಲಿಕ ಸಭೆಯಲ್ಲಿ ಪರಮಪ್ರಸಾದ (ಅಲ್ಲಿ ಇದರ ಹೆಸರು) ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ. ನಿಯಮ ಏನೇ ಇರಲಿ, ಅದನ್ನು ಮೊದಲೇ, ಎಲ್ಲರಿಗೂ, ಸ್ಪಷ್ಟವಾದ ಎರಡು ವಾಕ್ಯಗಳಲ್ಲಿ ಸಭಾಪಾಲಕರು ಹೇಳಬೇಕು: ಇಂಥವರು ಬನ್ನಿ, ಉಳಿದವರು ಬಯಸಿದರೆ ಆಶೀರ್ವಾದಕ್ಕಾಗಿ ಬನ್ನಿ ಎಂದು. ಸಾಲಿನಲ್ಲಿ ನಿಂತು ಪೀಠದ ಮುಂದಿನ ಕಟಾಂಜನದ ಹತ್ತಿರ ಬಂದವನ ಕಿವಿಯಲ್ಲಿ ‘ನಿಮಗೆ ದೃಢೀಕರಣ (ಕನ್ಫರ್ಮೇಶನ್) ಆಗಿದೆಯಾ?’ ಎಂದು ಪಿಸುಗುಟ್ಟುವ ಹಿರಿಯರಿಂದ ಆ ಮನುಷ್ಯನನ್ನು ಕಾಪಾಡುವುದು ಸಭಾಪಾಲಕರ ಕರ್ತವ್ಯ.

ನಮ್ಮ ಆರಾಧನೆಯೊಳಗೇ ಇರುವ ಒಂದು ಒಳ್ಳೆಯ ಸಾಧನವನ್ನು ನಾವು ಹಾಳುಮಾಡಿಕೊಂಡಿದ್ದೇವೆ. ದಕ್ಷಿಣ ಭಾರತ ಸಭೆ 1950ರಲ್ಲಿ ತನ್ನ ಕರ್ತನ ಭೋಜನದ ಕ್ರಮವನ್ನು ರೂಪಿಸಿದಾಗ, ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಬಂದಿದ್ದ ಸಮಾಧಾನದ ವಿನಿಮಯವನ್ನು ಅದರಲ್ಲಿ ಸೇರಿಸಿತು. ಪಾಶ್ಚಾತ್ಯ ದೇಶಗಳ ಎಷ್ಟೋ ಸಭೆಗಳು ಇದನ್ನು ಮತ್ತೆ ತಂದುಕೊಂಡದ್ದು ಆಮೇಲೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಹಚ್ಚುತ್ತಾರೆ, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಸಮಾಧಾನವು ಪೀಠದ ಬಳಿಯಿಂದ ಹೊರಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತ ಕೊನೆಯ ಬೆಂಚಿನವರೆಗೆ ಬರಬೇಕು. ಈ ಕ್ರಮದಲ್ಲಿ ಯಾರನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಕೋವಿಡ್ ಕಾಲದಲ್ಲಿ ಎಷ್ಟೋ ಕಡೆ ಇದು ನಿಂತು, ಕೈಮುಗಿದು ಸುತ್ತ ಒಮ್ಮೆ ನೋಡುವುದಕ್ಕೆ ಇಳಿಯಿತು. ಅದಕ್ಕೂ ಮೊದಲೇ ಅದು ನಂಟರು ನಂಟರ ನಡುವಿನ ಕೈಕುಲುಕಾಟವಾಗಿತ್ತು. ತಮ್ಮ ಸಭೆಯಲ್ಲಿ ಅದನ್ನು ಆರಾಧನಾ ಪುಸ್ತಕದಲ್ಲಿರುವಂತೆಯೇ ನಡೆಸಲು ಸಭಾಪಾಲಕರನ್ನು ಕೇಳಿಕೊಳ್ಳಿ.

ತಮ್ಮ ಪತ್ರದ ಒಂದು ಸಾಲನ್ನು ನಾನು ಮೇಲೆ ಹೇಳಲಿಲ್ಲ. ಹೊಸ ಮುಖ ಕಂಡರೆ ಕೆಲವರಿಗೆ ಭಯವಾಗುತ್ತದೆ, ‘ಯಾರು ಕಳಿಸಿದವರೋ’ ಎಂದು ಅನುಮಾನಿಸುತ್ತಾರೆ ಎಂದು ಬರೆದಿದ್ದೀರಿ. ಈ ಭಯವನ್ನು ತಳ್ಳಿಹಾಕಲಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ಕಂಡವರು ನಮ್ಮ ನಡುವೆ ಇದ್ದಾರೆ. 2022ರಲ್ಲಿ ಮತಾಂತರವನ್ನು ಕುರಿತ ಕಾಯ್ದೆ ಬಂದ ಮೇಲೆ, ಕ್ರೈಸ್ತ ಮನೆತನದಲ್ಲಿ ಹುಟ್ಟದವರು ಯಾರಾದರೂ ಕುತೂಹಲದಿಂದಲೋ ಸಂಕಟದಿಂದಲೋ ಒಳಗೆ ಬಂದು ಕೂತರೆ ಮಾತಾಡಿಸಲೂ ಹಿಂಜರಿಯುವ ಸಭೆಗಳನ್ನು ಬಲ್ಲೆ. ಆದರೆ ಬೈಬಲಿನ ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದಲ್ಲಿ, ಮುಂದೆ ಪೌಲನೆಂದು ಹೆಸರಾದ ಸೌಲನು ಯೆರೂಸಲೇಮಿಗೆ ಬಂದು ಶಿಷ್ಯರೊಡನೆ ಸೇರಲು ಯತ್ನಿಸಿದಾಗ ಅವರು ಹೆದರಿದ್ದು ಕಲ್ಪಿತ ಅಪಾಯಕ್ಕಲ್ಲ. ಅವನು ನಿಜವಾಗಿಯೂ ಮನೆಮನೆಗೆ ನುಗ್ಗಿ ಅವರ ಜನರನ್ನು ಸೆರೆಮನೆಗೆ ಹಾಕಿಸಿದ್ದವನು. ಆಗ ಬಾರ್ನಬನು ಅವನನ್ನು ತಾನೇ ಕರೆದುಕೊಂಡು ಅಪೊಸ್ತಲರ ಬಳಿಗೆ ಹೋಗಿ, ಇವನಿಗೆ ದಮಸ್ಕದ ದಾರಿಯಲ್ಲಿ ಕರ್ತನ ದರ್ಶನವಾದದ್ದನ್ನು ವಿವರಿಸಿ, ಅವನ ಪರವಾಗಿ ನಿಂತ. ಯೆರೂಸಲೇಮಿನ ಸಭೆ ಇದಕ್ಕಾಗಿ ಸಮಿತಿ ಮಾಡಲಿಲ್ಲ, ಸಭೆಯಲ್ಲಿ ಒಳ್ಳೆಯ ಹೆಸರಿದ್ದ ಒಬ್ಬ ಮನುಷ್ಯ ತನ್ನ ಹೆಸರನ್ನು ಇನ್ನೊಬ್ಬನಿಗಾಗಿ ಪಣಕ್ಕೆ ಇಟ್ಟ. ಹಳೆಯ ಮನೆತನದ ಒಬ್ಬರು ಹೊಸಬರೊಬ್ಬರ ಪಕ್ಕದಲ್ಲಿ ಆರು ತಿಂಗಳು ಕೂತರೆ ಆ ಮನೆತನದ ಪರಿಚಯವೆಲ್ಲ ತಾನಾಗಿಯೇ ಅವರ ಪರಿಚಯವಾಗುತ್ತದೆ, ಭಯಕ್ಕೂ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಸಮಿತಿಯ ಬದಲಿಗೆ ಏನು ಎಂದು ತಾವು ಕೇಳುವಿರಿ. ಕರಾವಳಿಯ ಕಥೋಲಿಕ ಚರ್ಚುಗಳ ವಾಳೆ ಪದ್ಧತಿಯನ್ನು ಹೋಗಿ ನೋಡಿ ಬನ್ನಿ ಎನ್ನುತ್ತೇನೆ. ಅಲ್ಲಿ ಚರ್ಚಿನ ವ್ಯಾಪ್ತಿಯನ್ನು ಮನೆಗಳಿರುವ ಜಾಗಕ್ಕೆ ತಕ್ಕಂತೆ ವಾಳೆಗಳಾಗಿ ಹಂಚಿರುತ್ತಾರೆ, ಪ್ರತಿಯೊಂದಕ್ಕೂ ಒಬ್ಬ ಗುರಿಕಾರ ಇರುತ್ತಾನೆ. ಹೊಸ ಬಾಡಿಗೆದಾರ ಬಂದದ್ದು, ಹೆರಿಗೆಯಾದದ್ದು, ಸಾವಾದದ್ದು ಅವನಿಗೆ ತಿಳಿಯುತ್ತದೆ, ಯಾಕೆಂದರೆ ಅವನೂ ಅದೇ ರಸ್ತೆಯವನು. ಪ್ರೊಟೆಸ್ಟೆಂಟರಾದ ನಮಗೂ ಇದು ಹೊಸದಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಮೆಥಡಿಸ್ಟರು ತಮ್ಮ ಮಂದಿರದ ಸಾಲ ತೀರಿಸಲು ವಾರಕ್ಕೆ ಒಂದು ಪೆನ್ನಿ ಕೂಡಿಸುವುದೆಂದು ಗೊತ್ತುಮಾಡಿ, ಹನ್ನೆರಡು ಜನಕ್ಕೆ ಒಬ್ಬನಂತೆ ವಸೂಲಿಗೆ ನೇಮಿಸಿದರು. ಪ್ರತಿ ವಾರ ಮನೆ ಬಾಗಿಲಿಗೆ ಹೋದವರಿಗೆ ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರ ಮನೆಯಲ್ಲಿ ಜಗಳವಿದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದೆಲ್ಲ ಕಾಣತೊಡಗಿತು, ಮತ್ತು ಅವರ ನಾಯಕ ಜಾನ್ ವೆಸ್ಲಿ ಅದನ್ನು ಕೇಳಿ, ನಮಗೆ ಬೇಕಾಗಿದ್ದದ್ದು ಇದೇ ಎಂದು ಗುರುತಿಸಿದ. ಮೆಥಡಿಸ್ಟರ ಕ್ಲಾಸುಗಳು, ಅಂದರೆ ಚಿಕ್ಕ ಗುಂಪುಗಳು, ಹುಟ್ಟಿದ್ದು ಹೀಗೆ, ಸಾಲದ ವಸೂಲಿಯಿಂದ. ನಮ್ಮ ಸಭೆಗಳಲ್ಲಿ ಇಂದು ಚಂದಾ ವಸೂಲಿ ಉಳಿದಿದೆ, ಬಾಗಿಲು ತಟ್ಟುವುದು ಹೋಗಿದೆ; ಯುಪಿಐ ಬಂದ ಮೇಲಂತೂ ಆ ನೆಪವೂ ಇಲ್ಲ. ತಮ್ಮ ಸಭೆಯ ಮನೆಗಳನ್ನು ಬಡಾವಣೆಗಳ ಪ್ರಕಾರ ಹಂಚಿ, ಒಂದೊಂದಕ್ಕೂ ಒಂದು ಮನೆಯನ್ನು, ಗಮನಿಸಿ, ಒಬ್ಬ ವ್ಯಕ್ತಿಯನ್ನಲ್ಲ, ಒಂದು ಮನೆಯನ್ನು, ಜವಾಬ್ದಾರರನ್ನಾಗಿ ಮಾಡಿ. ಹೊಸ ಕುಟುಂಬ ಬಂದ ಮೊದಲ ತಿಂಗಳಲ್ಲಿ ಆ ಮನೆಯಲ್ಲಿ ಅವರಿಗೆ ಒಂದು ಊಟ. ಬಿರಿಯಾನಿಯೇ ಆಗಬೇಕಿಲ್ಲ, ಅನ್ನ ಸಾರು ಹಾಕಿ ಕೂರಿಸಿದರೂ ಅವರು ಮುಂದಿನ ಭಾನುವಾರ ಅಂಗಳದಲ್ಲಿ ನೋಟೀಸ್ ಬೋರ್ಡ್ ಓದಬೇಕಾಗುವುದಿಲ್ಲ. ಒಂಟಿಯಾಗಿ ಪಿ.ಜಿ.ಯಲ್ಲಿರುವವರಿಗೆ ಇದು ಇನ್ನೂ ಹೆಚ್ಚು ಬೇಕು. ಪಾಳಿಯಲ್ಲಿ ದುಡಿಯುವವರು ಭಾನುವಾರ ಬರಲಾಗದಿದ್ದರೆ ‘ಯಾಕೆ ಬರಲಿಲ್ಲ?’ ಎಂದು ಕೇಳದೆ, ‘ಯಾವ ದಿನ ರಜೆ?’ ಎಂದು ಕೇಳುವುದನ್ನು ಆ ಮನೆಯವರು ಕಲಿಯಲಿ.

ಊಟಕ್ಕಿಂತಲೂ ಮುಂದಿನ ಹೆಜ್ಜೆ ಕಷ್ಟದ್ದು, ಯಾಕೆಂದರೆ ಅದರಲ್ಲಿ ಹಳಬರು ಏನನ್ನೋ ಬಿಟ್ಟುಕೊಡಬೇಕಾಗುತ್ತದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸಿಗಬೇಕಾದದ್ದು ಸಿಗುತ್ತಿಲ್ಲವೆಂಬ ಗೊಣಗಾಟ ಎದ್ದಾಗ ಅಪೊಸ್ತಲರು ಸಮಜಾಯಿಷಿ ಕೊಡಲಿಲ್ಲ. ಸಭೆಯವರಿಂದಲೇ ಏಳು ಜನರನ್ನು ಆರಿಸಿಸಿ ಹಂಚಿಕೆಯನ್ನೇ ಅವರ ಕೈಗೆ ಕೊಟ್ಟರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ಯಾರದ್ದೋ, ಸೌಟೂ ಅವರ ಕಡೆಯವರ ಕೈಗೇ ಹೋಯಿತು. ನಮ್ಮಲ್ಲಿ ಹಾಗಾಗುತ್ತದೆಯೇ? ಸುಗ್ಗಿ ಹಬ್ಬದಲ್ಲಿ ಹರಾಜು ಕೂಗುವವರು ಹತ್ತು ವರ್ಷಗಳಿಂದ ಒಬ್ಬರೇ, ವಾಕ್ಯ ಓದುವವರ ಪಟ್ಟಿ ನಾಲ್ಕು ಮನೆಗಳಲ್ಲಿ ಸುತ್ತುತ್ತದೆ, ಕ್ರಿಸ್‌ಮಸ್ ನಾಟಕದಲ್ಲಿ ಮರಿಯಳ ಪಾತ್ರ ಯಾವ ಮನೆಯ ಹುಡುಗಿಗೆ ಎಂಬುದು ನವೆಂಬರಿಗೆ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಹೊಸಬರಿಗೆ ಸಿಗುವ ಕೆಲಸವೆಂದರೆ ಕುರ್ಚಿ ಜೋಡಿಸುವುದು. ಅದನ್ನೂ ಅವರು ಸಂತೋಷದಿಂದ ಮಾಡುತ್ತಾರೆ, ಆದರೆ ಎಷ್ಟು ವರ್ಷ? ಮೂರನೆಯ ತಿಂಗಳಿಗೆಲ್ಲ ಅವರಿಗೆ ಒಂದು ನಿಜವಾದ ಕೆಲಸ ಇರಬೇಕು: ಸಂಡೇ ಸ್ಕೂಲಿನ ಒಂದು ತರಗತಿ, ವಾಕ್ಯ ಓದುವ ಒಂದು ಭಾನುವಾರ, ಕಾಣಿಕೆ ಎಣಿಸುವ ಮೇಜಿನಲ್ಲಿ ಒಂದು ಜಾಗ. ಹಣ ಎಣಿಸುವಲ್ಲಿ ಹೊಸಬರೇ ಎಂದು ತಮ್ಮ ಖಜಾಂಚಿ ಹುಬ್ಬೇರಿಸಿದರೆ, ಹಳಬರ ಜೊತೆಯಲ್ಲಿ ಕೂರಿಸಲು ಹೇಳಿ. ನಂಬಿಕೆ ಇದೆ ಎಂಬುದನ್ನು ತೋರಿಸಲು ಆ ಮೇಜಿಗಿಂತ ಒಳ್ಳೆಯ ಜಾಗ ಸಭೆಯಲ್ಲಿ ಇನ್ನೊಂದಿಲ್ಲ.

ಪಕ್ಕದ ಪ್ರಾರ್ಥನಾ ಮಂದಿರದವರು ‘ನಮ್ಮ ಕುರಿಗಳನ್ನು ಕದಿಯುತ್ತಾರೆ’ ಎಂಬ ದೂರಿನ ಬಗ್ಗೆ ಒಂದೇ ಮಾತು. ಅಲ್ಲಿಗೆ ಹೋದವರನ್ನು ತಾವು ಕೇಳಿ ನೋಡಿ. ಬೋಧನೆಯ ವಿಚಾರಕ್ಕಿಂತ ಮೊದಲು ಅವರು ಹೇಳುವುದು, ಮಗುವಿಗೆ ಜ್ವರ ಬಂದಾಗ ಅಲ್ಲಿನ ಪಾಸ್ಟರ್ ಮನೆಗೆ ಬಂದರು, ವಾರದ ಮಧ್ಯದಲ್ಲಿ ಯಾರೋ ಫೋನ್ ಮಾಡಿದರು ಎಂಬುದನ್ನು. ಹೀಗೆ ಮಾಡಲು ನಮ್ಮ ಸಭೆಯ ಸಂವಿಧಾನದಲ್ಲೇನೂ ಅಡ್ಡಿಯಿಲ್ಲ.

ಕೊನೆಯದಾಗಿ ದಾಖಲೆಯ ವಿಚಾರ. ಇದು ತಮ್ಮ ಮೇಜಿನ ಮೇಲೆಯೇ ಇರುವುದರಿಂದ ಬರೆಯುತ್ತಿದ್ದೇನೆ. ಊರಿನ ಸಭೆಯಿಂದ ಸದಸ್ಯತ್ವದ ವರ್ಗಾವಣೆ ಪತ್ರ ತಂದ ಕುಟುಂಬದ ಹೆಸರು ಸದಸ್ಯರ ಪುಸ್ತಕಕ್ಕೆ ಏರುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಶಿಫಾರಸು ಮಾಡುತ್ತ, ಅವಳನ್ನು ಸೇರಿಸಿಕೊಳ್ಳಿರಿ ಎಂಬಲ್ಲಿಗೆ ನಿಲ್ಲದೆ, ಅವಳಿಗೆ ಯಾವ ವಿಷಯದಲ್ಲಿ ಸಹಾಯ ಬೇಕೋ ಅದರಲ್ಲಿ ನೆರವಾಗಿರಿ ಎಂದೂ ಕೇಳಿದ್ದಾನೆ. ನಮ್ಮ ವರ್ಗಾವಣೆ ಪತ್ರಗಳು ಆ ಸಾಲಿನ ಮೊಮ್ಮಕ್ಕಳು. ಆದರೆ ಕಮಿಟಿ ಚುನಾವಣೆ ಹತ್ತಿರ ಬಂದಾಗ ಹೊಸ ಹೆಸರುಗಳನ್ನು ಮತದಾರರ ಪಟ್ಟಿಯಿಂದ ದೂರವಿಡಲು ಪತ್ರಗಳು ಫೈಲಿನೊಳಗೇ ಮಲಗುವುದನ್ನು ಈ ಪತ್ರಿಕೆಯ ಓದುಗರು ಒಬ್ಬಿಬ್ಬರಲ್ಲ, ಹಲವರು ಬರೆದು ತಿಳಿಸಿದ್ದಾರೆ. ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಮದುವೆಯ ಓಲೆಗೂ (ಸಭೆಯಲ್ಲಿ ಓದುವ ಮದುವೆಯ ಪ್ರಕಟಣೆಗೂ) ಅಲೆದಾಟ, ಸಮಾಧಿಯ ಜಾಗಕ್ಕೂ ಅಲೆದಾಟ. ಮನೆಯಲ್ಲಿ ಸಾವಾದ ದಿನ ಚಂದಾದ ರಸೀದಿ ಹುಡುಕಬೇಕಾಗಿ ಬಂದ ಕುಟುಂಬ ಆ ಸಭೆಯನ್ನು ಮತ್ತೆ ತನ್ನದೆಂದು ಭಾವಿಸಲಾರದು.

ಆದ್ದರಿಂದ ಸ್ವಾಗತ ಸಮಿತಿಯ ಠರಾವಿನ ಜಾಗದಲ್ಲಿ ತಾವು ಎರಡು ಠರಾವುಗಳನ್ನು ಮಂಡಿಸಬಹುದು. ವರ್ಗಾವಣೆ ಪತ್ರ ಬಂದ ನಂತರದ ಮೊದಲ ಕಮಿಟಿ ಸಭೆಯಲ್ಲಿಯೇ ಅದನ್ನು ಓದಿ, ತೀರ್ಮಾನವನ್ನು ಆ ಕುಟುಂಬಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು ಎಂಬುದು ಒಂದು. ಸುಗ್ಗಿ ಹಬ್ಬ, ಕ್ರಿಸ್‌ಮಸ್, ಸಂಡೇ ಸ್ಕೂಲ್ ಇವುಗಳಿಗೆ ಮಾಡುವ ಪ್ರತಿಯೊಂದು ಉಪಸಮಿತಿಯಲ್ಲಿ, ಸಭೆಗೆ ಸೇರಿ ಎರಡು ವರ್ಷ ತುಂಬದವರು ಇಬ್ಬರಾದರೂ ಇರತಕ್ಕದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಾರೂ ಬಾಯಿಬಿಟ್ಟು ವಿರೋಧ ಹೇಳಲಾರರು. ಎರಡನೆಯದಕ್ಕೆ ಹೇಳುತ್ತಾರೆ, ಆಗ ಯಾರು, ಯಾವ ಕಾರಣ ಕೊಟ್ಟು ಹೇಳಿದರು ಎಂಬುದನ್ನು ನಡವಳಿ ಪುಸ್ತಕದಲ್ಲಿ ತಪ್ಪದೆ ಬರೆದುಕೊಳ್ಳಿ.

— ಸಂಪಾದಕ